ಏರಿದ ಬೆಲೆ ಯಾರ ಪಾಲು?

ರೋಣದ ಕಡೆ ಹೊಲ ಮಾರುವವರು ಈಗ ಮೊದಲು ರಸ್ತೆ ಎಷ್ಟು ದೂರ ಎಂದು ಹೇಳುತ್ತಾರೆ. ಮಣ್ಣಿನ ಮಾತು ಆಮೇಲೆ, ಅದೂ ಕೇಳಿದರೆ. ಎರಿಯೋ ಮಸಾರಿಯೋ ಎಂದು ವಿಚಾರಿಸುವವನನ್ನು ಹಳೇ ಕಾಲದವನೆಂದು ನಗುತ್ತಾರೆ. "ಬಿನ್‌ಶೇತ್ಕಿ ಆಗೇದೇನ್ರಿ?" (ಬೇಸಾಯೇತರ ಬಳಕೆಗೆ ಪರಿವರ್ತನೆ ಆಗಿದೆಯೇ) ಎಂಬ ಒಂದೇ ಪ್ರಶ್ನೆಗೆ ಎಕರೆಯ ದರ ಗುಂಟೆಯ ದರವಾಗಿ ಬಿಡುತ್ತದೆ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ಪಿಂಚಣಿಗೆ ಬಂದವನು ನಾನು. ಅಳತೆ ಬದಲಾಗದೆ ಬೆಲೆ ಮಾತ್ರ ಜಿಗಿಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಅದು ರೂಢಿಯಾಗಲಿಲ್ಲ.

ಜಿಗಿದ ಬೆಲೆ ಯಾರ ಪಾಲೆಂಬುದು ಕೊನೆಗೆ ಕರಾರಿನ ಮಾತು. ಊರಿಗೆ ಕರಾರು ಮಾಡಿಕೊಡುವುದು ಈ ಸೀಮೆಗೆ ಹೊಸದೇನಲ್ಲ. ಸೂಡಿಯ ಹನ್ನೊಂದನೆಯ ಶತಮಾನದ ಒಂದು ಶಾಸನದಲ್ಲಿ, ಚೋಳರೊಡನೆ ನಡೆದ ಯುದ್ಧದಿಂದ ಮುರಿದುಬಿದ್ದ ಊರಿನ ಕಟ್ಟುಪಾಡನ್ನು ಅಕ್ಕಾದೇವಿ ಹೊಸದಾಗಿ ಮಾಡಿಕೊಟ್ಟ ಸಂಗತಿ ಇದೆ. ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಈ ಚಾಲುಕ್ಯ ರಾಜಕುಮಾರಿ ಅದನ್ನು ಕೊಟ್ಟದ್ದು ಊರಿನ ಎಂಟು ಸೆಟ್ಟಿಗಳಿಗೆ ಮತ್ತು ಎಂಬತ್ತು ಮನೆತನಗಳಿಗೆ. ಸೂಡಿಗೆ ಹೋದವರು ಜೋಡು ಶಿಖರದ ಗುಡಿ ನೋಡಿ, ನಾಗಕುಂಡದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನನಗೆ ಆ ಎಂಬತ್ತು ಮನೆಗಳೇ ಹೆಚ್ಚು ಕಾಡುತ್ತವೆ. ಯಾರೊಡನೆ ಕರಾರು ಎಂಬುದು ಅಲ್ಲಿ ಕಲ್ಲಿನ ಮೇಲೇ ಇದೆ.

ಕಂಪನಿ ಸರ್ಕಾರದ ಸರ್ವೆ ಬಂದಾಗ ಕರಾರು ಒಬ್ಬೊಬ್ಬ ರೈತನೊಂದಿಗೆ ಆಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಕಡೆ ಇಂದಾಪುರದಲ್ಲಿ ಶುರು ಮಾಡಿದ ಪದ್ಧತಿಯೇ ಧಾರವಾಡ ಜಿಲ್ಲೆಗೂ ಬಂತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಮಣ್ಣಿನ ಆಳ ಅಗೆದು ನೋಡಿ, ತರಗತಿ ಕಟ್ಟಿ, ಕಂದಾಯದ ಆಕಾರ ನಿಗದಿ ಮಾಡಿದರು. ಮನೆಗಳಿದ್ದ ಜಾಗವನ್ನು ಗಾವಠಾಣವೆಂದು ಗೆರೆ ಹಾಕಿ ಬಿಟ್ಟರು. ಊರು ಹೇಗೆ ಬೆಳೆಯಬೇಕೆಂಬ ಚಿಂತೆ ಅವರದಾಗಿರಲಿಲ್ಲ. ಕಂದಾಯ ಬಂದರೆ ಸಾಕಿತ್ತು.

ಹಾಗಿದ್ದೂ ಇಂದಿನ ಬಿನ್‌ಶೇತ್ಕಿ ಅರ್ಜಿಯ ಮೂಲ ಅಲ್ಲೇ ಇದೆ. 1879ರ ಮುಂಬೈ ಕಂದಾಯ ಸಂಹಿತೆಯ 65ನೇ ಕಲಮಿನ ಪ್ರಕಾರ, ಸಾಗುವಳಿಯ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕಲೆಕ್ಟರರ ಅನುಮತಿ ಬೇಕಿತ್ತು. ಜೋಳ ಬೆಳೆವ ನೆಲದಲ್ಲಿ ಮನೆ ಎದ್ದರೆ ಆಕಾರವೂ ಬದಲಾಗಬೇಕಲ್ಲ, ಅದಕ್ಕೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅದರದೇ ಮರಿ. ನಾಲ್ಕು ತಿಂಗಳಲ್ಲಿ ಜಿಲ್ಲಾಧಿಕಾರಿಗಳ ತೀರ್ಮಾನ ತಿಳಿಯದಿದ್ದರೆ ಅನುಮತಿ ಸಿಕ್ಕಿತೆಂದೇ ತಿಳಿಯಬೇಕು ಎಂಬ ಮಾತೂ ಅದರಲ್ಲಿತ್ತು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ 'ಇಂಥ ಕಾಗದ ಲಗತ್ತಿಸಿಲ್ಲ' ಎಂಬ ಪತ್ರ ಮನೆಗೆ ಬರುತ್ತಿದ್ದುದನ್ನು ಕಂಡ ಅರ್ಜಿದಾರರು ಬಹಳ.

ನರಗುಂದದಲ್ಲಂತೂ ತಿರಸ್ಕೃತ ಅರ್ಜಿಯ ಕಥೆ ಇನ್ನೂ ಹಳೆಯದು. ಸಂಸ್ಥಾನಿಕ ಬಾಬಾಸಾಹೇಬ ಭಾವೆ ದತ್ತಕಕ್ಕೆ ಅನುಮತಿ ಕೇಳಿದರು, ಕಂಪನಿ ಒಪ್ಪಲಿಲ್ಲ. ಅವರು ಬಂಡೆದ್ದರು; 1858ರ ಮೇ ಕೊನೆಗೆ ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್‌ನಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಬ್ರಿಟಿಷರ ವಶವಾಯಿತು.

ಪಟ್ಟಣದ ಬೆಳವಣಿಗೆಗೆಂದೇ ಕಾನೂನು ಬಂದದ್ದು 1915ರಲ್ಲಿ. ಮುಂಬೈ ಪ್ರಾಂತದ ಆ ನಗರ ಯೋಜನಾ ಕಾಯ್ದೆ ಇಡೀ ದೇಶಕ್ಕೇ ಮೊದಲನೆಯದು. ರಸ್ತೆ, ಚರಂಡಿ ಮಾಡಿದ್ದರಿಂದ ಜಮೀನಿನ ಬೆಲೆ ಏರಿದರೆ, ಏರಿದ್ದರಲ್ಲಿ ಅರ್ಧದವರೆಗೆ ಮಾಲೀಕನಿಂದ ವಸೂಲು ಮಾಡಬಹುದು ಎಂಬ ವಿಚಾರ ಅದರಲ್ಲಿ ಬಂತು. ಇಂಗ್ಲಿಷಿನಲ್ಲಿ ಬೆಟರ್‌ಮೆಂಟ್ ಎಂದು ಕರೆದ ಈ ವಸೂಲಿ ನರಗುಂದಕ್ಕೆ ತಲುಪಿದ್ದು ಮಾತ್ರ ಪಟ್ಟಣದ ದಾರಿಯಿಂದಲ್ಲ, ಕಾಲುವೆಯಿಂದ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನೀರು ಬಿಟ್ಟಾಗ ಎರಿ ಹೊಲದ ರೈತರು ಹಿಗ್ಗಿದ್ದು ನಿಜ. ವರಲಕ್ಷ್ಮಿ ಹತ್ತಿ ಹಾಕಿದರು, ಸಾಲ ತಂದರು. ಕಾಲುವೆಯ ಬಾಲದ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ, ಮುಟ್ಟಿದ ಎಷ್ಟೋ ಕಡೆ ನೆಲ ಜವಳಾಯಿತು, ಹತ್ತಿಯ ದರ ಬಿತ್ತು. ಆ ಹೊತ್ತಿಗೆ 'ನಿಮ್ಮ ಜಮೀನಿನ ಬೆಲೆ ಏರಿದೆ, ಅಭಿವೃದ್ಧಿ ಕರ ಕಟ್ಟಿ' ಎಂಬ ನೋಟಿಸು. ಹೊಲ ಮಾರುವ ಇರಾದೆ ಇಲ್ಲದವನಿಗೆ ಏರಿದ ಬೆಲೆ ಎಲ್ಲಿಂದ ಕೈಗೆ ಬರಬೇಕು? ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ ಕಟ್ಟಿಕೊಂಡು ಚಳವಳಿ ನಡೆಸಿದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಗಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಿದ್ದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ಗುಂಡೂರಾವ್ ಸರ್ಕಾರ ನಡುಗಿತು, ಕರದ ವಸೂಲಿ ನಿಂತಿತು, ರಾಜ್ಯ ರೈತ ಸಂಘ ಹುಟ್ಟಿತು. ಜುಲೈ 21 ಈಗಲೂ ರೈತ ಹುತಾತ್ಮ ದಿನ.

ಇದನ್ನು ಬಲ್ಲವರೂ ಗಮನಿಸದ ಒಂದು ಸಂಗತಿ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1965ರ ಜನವರಿಯಲ್ಲಿ ಜಾರಿಗೆ ಬಂದದ್ದು, ಅದೇ ವಿಚಾರವನ್ನು 18ನೇ ಕಲಮಿನಲ್ಲಿ ಇಟ್ಟುಕೊಂಡಿದೆ. ಜಮೀನಿನ ಬಳಕೆ ಬದಲಾಗಿ ಮಾಲೀಕನಿಗೆ ಹೆಚ್ಚು ಆದಾಯ ಬರುವಂತಿದ್ದರೆ, ಏರುವ ಬೆಲೆಯ ಅಂದಾಜಿನಲ್ಲಿ ಮೂರನೇ ಒಂದು ಭಾಗ ಮೀರದಂತೆ ಯೋಜನಾ ಪ್ರಾಧಿಕಾರ ಶುಲ್ಕ ಹಾಕಬಹುದು. ಈ ಶುಲ್ಕದ ವಿರುದ್ಧ ನಮ್ಮಲ್ಲಿ ಯಾರೂ ಬೀದಿಗಿಳಿಯಲಿಲ್ಲ. ಇಳಿಯುವ ಕಾರಣವೂ ಇಲ್ಲ: ಲೇಔಟ್ ಮಾಡುವವರು ಅದನ್ನು ಪ್ಲಾಟಿನ ದರದಲ್ಲಿ ಸೇರಿಸುತ್ತಾರೆ, ಮಾಸ್ತರರೋ ಕಂಡಕ್ಟರೋ ಸಾಲ ಮಾಡಿ ಕಟ್ಟುತ್ತಾರೆ. ಬೇಸಾಯ ಮಾಡುವವನು ಕೊಡಲೊಲ್ಲದ್ದನ್ನು ಮನೆ ಕಟ್ಟುವವನು ಗೊತ್ತಿಲ್ಲದೆ ಕೊಡುತ್ತಿದ್ದಾನೆ. ನನ್ನ ಮಟ್ಟಿಗೆ ಶುಲ್ಕ ನ್ಯಾಯವಾದದ್ದೇ, ಹಾಕುವ ಹೊತ್ತೂ ಸರಿ. ಭಾರ ಹೊರುವ ಹೆಗಲು ಮಾತ್ರ ತಪ್ಪು.

ಪ್ರಾಧಿಕಾರದ ಉಳಿದ ಕೆಲಸ ಬಣ್ಣಗಳದು. ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಕರಡು ನಕ್ಷೆಯನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ರಸ್ತೆಯ ಗೆರೆ ತಮ್ಮ ಹೊಲದ ಮೇಲೆ ಹಾದವರು ಓಡಿಬರುತ್ತಾರೆ, ಬೇರೆಯವರು ಕಣ್ಣು ಹಾಯಿಸುವುದಿಲ್ಲ. ಲೇಔಟಿನ ಅರ್ಜಿ ಬಂದರೆ ಕೂಡುರಸ್ತೆಯ ಅಗಲ, ಹಳ್ಳದ ಅಂಚು, ವಿದ್ಯುತ್ ತಂತಿ, ಉದ್ಯಾನಕ್ಕೆ ಬಿಟ್ಟ ಜಾಗ ಎಲ್ಲ ನೋಡಿ 17ನೇ ಕಲಮಿನಡಿ ಮಂಜೂರಾತಿ. ಅದಾದ ಮೇಲೆ ಸರ್ವೆ ದಾಖಲೆ ತಿದ್ದುವ ಕಮ್ಮಿ ಜಾಸ್ತಿ ಪತ್ರಕ, ಪ್ಲಾಟಿನ ಉತಾರ.

ಗಜೇಂದ್ರಗಡದ ಓಣಿಗಳಿಗೆ ಮಾತ್ರ ಈ ಬಣ್ಣಗಳು ಹೊಂದುವುದಿಲ್ಲ. ನೇಕಾರನ ಪಡಸಾಲೆಯಲ್ಲೇ ಕುಣಿಮಗ್ಗ. ಅಡುಗೆ, ನೇಯ್ಗೆ, ನಿದ್ದೆ ಒಂದೇ ಸೂರಿನಡಿ. ಅದಕ್ಕೆ ಹಳದಿ ಬಳಿಯಬೇಕೋ ನೇರಳೆಯೋ? ಮನೆಯೊಳಗಿನ ಸಣ್ಣ ಕಸುಬಿಗೆ ನಿಯಮಗಳು ಜಾಗ ಕೊಟ್ಟಿವೆ, ನಿಜ. ಆದರೆ ಊರು ಈ ಓಣಿಗಳಷ್ಟಕ್ಕೇ ನಿಲ್ಲಲಿಲ್ಲ. 2017ರ ಬಜೆಟ್ಟಿನಲ್ಲಿ ಹೊಸ ತಾಲೂಕೆಂದು ಘೋಷಣೆಯಾದ ಮೇಲೆ ಊರ ಸುತ್ತ ಪ್ಲಾಟಿನ ಫಲಕಗಳು ಎದ್ದವು.

ಮತ್ತೆ ನರಗುಂದ. ಈಚಿನ ವರ್ಷಗಳಲ್ಲಿ ಅಲ್ಲಿಯ ಹಳೆಯ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದು ಮನೆಯೊಳಗೇ ಗುಂಡಿ ಬೀಳುತ್ತಿದೆ. ಜೋಳ ತುಂಬಿಡಲು ಹಿಂದಿನವರು ತೋಡಿದ ಹಗೇವುಗಳು ಕೆಳಗಿವೆ; ಮೇಲೇರಿದ ಅಂತರ್ಜಲ ಅವುಗಳ ಗೋಡೆಯನ್ನು ಕರಗಿಸುತ್ತಿದೆ. ನೀರು ಏರುವುದಕ್ಕೆ ಕಾಲುವೆಯ ಪಾಲೂ ಇದೆಯೆಂದು ಊರವರು ಹೇಳುತ್ತಾರೆ. ಯಾವ ನೀರಿನಿಂದ ಬೆಲೆ ಏರಿತೆಂದು ಕರ ಕೇಳಿದರೋ ಆ ನೀರಿನದೇ ಇನ್ನೊಂದು ಲೆಕ್ಕ ಇದು. ಏರಿದ ಬೆಲೆಗೆ ಕಲಂ ಇದೆ, ಮೂರನೇ ಒಂದು ಭಾಗವೆಂಬ ಮಿತಿಯೂ ಇದೆ. ಕುಸಿದ ಮನೆಯ ಇಳಿದ ಬೆಲೆಗೆ ಅಂಥ ಕಲಂ ಇಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು.

ವಿಂಗೇಟನ ಕಾಲದಿಂದ ನಾವು ಅಳೆದದ್ದೆಲ್ಲ ನೆಲದ ಮೇಲಿನದು. ಕಟ್ಟಡದ ಪರವಾನಗಿಗೆ ಉತಾರ ಕೇಳುತ್ತಾರೆ, ನಕ್ಷೆ ಕೇಳುತ್ತಾರೆ, ತೆರಿಗೆಯ ಪಾವತಿ ಕೇಳುತ್ತಾರೆ. ಕೆಳಗೆ ಹಗೇವು ಇದೆಯೇ ಎಂದು ಕೇಳುವ ಅರ್ಜಿಯನ್ನು ನಾನು ಕಂಡಿಲ್ಲ. ಆ 18ನೇ ಕಲಮಿನ ಶುಲ್ಕದಲ್ಲಿ ಒಂದಿಷ್ಟನ್ನು ಎತ್ತಿಟ್ಟು ಹಗೇವುಗಳ ನಕ್ಷೆ ಮಾಡಿಸಬೇಕು. ಸಿಟಿ ಸರ್ವೆ ಹಾಳೆಗಳು ಕಚೇರಿಯಲ್ಲಿವೆ. ಹಗೇವಿಗೆ ಇಳಿದು ಜೋಳ ಮೇಲೆತ್ತಿದ ಹಿರಿಯರಲ್ಲಿ ಕೆಲವರಾದರೂ ಓಣಿಯ ಕಟ್ಟೆಯ ಮೇಲೆ ಸಿಗುತ್ತಾರೆ. ಕಲ್ಲು ಮುಚ್ಚಿದ ಬಾಯಿ ಎಲ್ಲಿತ್ತೆಂದು ಅವರನ್ನು ಈ ವರ್ಷವೇ ಕೇಳಿ ಗುರುತು ಹಾಕಿಕೊಳ್ಳಬೇಕು.