ಕತೆ ನಮ್ಮದು, ಚಿತ್ರಕತೆ ಯಾರದು?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಹುಡುಗ ಹುಡುಗಿಯರು ಮೊಬೈಲ್‌ನಲ್ಲೇ ಕಿರುಚಿತ್ರ ಮಾಡ್ತಿದಾರೆ. ಖುಷಿ ಆಗ್ತದ. ಆದರೆ ಕ್ಯಾಮೆರಾ ಹಿಡಿಯೋಕಿಂತ ಮೊದಲು ಚಿತ್ರಕತೆ ಬರೆಯೋದು ಕಲೀರಿ ಅಂತೀನಿ. ಯಾಕಂದ್ರ ಇತಿಹಾಸ ಹಂಗ ಐತಿ.

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ತಯಾರಾಗಿದ್ದು ನಮಗೆ ಹತ್ತಿರದ ಕೊಲ್ಹಾಪುರದ ಸ್ಟುಡಿಯೋದಲ್ಲಿ, 1934ರಲ್ಲಿ ತೆರೆಕಂಡಿತು. ಮಾತು, ಹಾಡು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿ. ಮುಂದೆ ಬಹಳ ವರ್ಷ ಸಿನಿಮಾ ಬರವಣಿಗೆಗೆ ನಾಟಕ ಕಂಪನಿಗಳೇ ಸಾಲಿ. ಹಳೇ ವಿಜಾಪುರ ಜಿಲ್ಲೆಯ ಪಿ.ಬಿ. ಧುತ್ತರಗಿಯವರ ನಾಟಕವೇ 1974ರಲ್ಲಿ ರಾಜಕುಮಾರ್ ಅವರ 'ಸಂಪತ್ತಿಗೆ ಸವಾಲ್' ಆಯ್ತು. ಅಂದ್ರೆ ಈ ಮಣ್ಣಿಗೆ ಬರಹಗಾರರ ಬರ ಇರಲಿಲ್ಲ.

ಮರುವರ್ಷ 'ಚೋಮನ ದುಡಿ' ಬಂತು, ರಾಷ್ಟ್ರಪ್ರಶಸ್ತಿ ಪಡೀತು. ಕಾದಂಬರಿ ಶಿವರಾಮ ಕಾರಂತರದು, ನಿರ್ದೇಶನ ಬಿ.ವಿ. ಕಾರಂತರದು. ದೊಡ್ಡ ಸಿನಿಮಾ, ಎರಡು ಮಾತಿಲ್ಲ. ಆದರೆ ಭೂಮಿ ಸಿಗದ ಚೋಮ ಕೊನೆಗೆ ದುಡಿ ಬಡೀತಾ ಸಾಯ್ತಾನ. ಚೋಮನ ಮೊಮ್ಮಗ ಬರೆದಿದ್ರೆ ಅದೇ ಕೊನೆ ಇರ್ತಿತ್ತಾ?

ಪುಸ್ತಕದಲ್ಲಿ ನಮ್ಮವರು ಆ ಕೆಲಸ ಮಾಡಿದಾರೆ. ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಕನ್ನಡದ ಮೊದಲ ದಲಿತ ಆತ್ಮಕಥೆ ಅಂತ ಹೆಸರಾಯ್ತು. ಪರದೆ ಮೇಲೆ ಮಾಡಿ ತೋರಿಸಿದವರು ಭೀಮಾ ಹೊಳಿ ಆಚೆಯವರು: ಸೊಲ್ಲಾಪುರ ಜಿಲ್ಲೆ ಕರಮಾಳಾ ತಾಲೂಕಿನ ನಾಗರಾಜ ಮಂಜುಳೆ, ವಡಾರ ಸಮುದಾಯದವರು. ಅವರ 'ಫ್ಯಾಂಡ್ರಿ' (2013) ನೋಡ್ರಿ. ಶಾಲೆ ಹತ್ತಿರ ಒಂದು ಮನೆತನ ಹಂದಿ ಹಿಡೀತಿರ್ತದ. ರಾಷ್ಟ್ರಗೀತೆ ಶುರುವಾಗ್ತದ. ಎಲ್ಲರೂ ನೆಟ್ಟಗೆ ನಿಲ್ತಾರೆ, ಹಂದಿ ತಪ್ಪಿಸ್ಕೊಂಡು ಹೋಗ್ತದ. ಜಾತಿ ಬಗ್ಗೆ ಒಂದು ಭಾಷಣ ಇಲ್ಲ. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಅಷ್ಟೇ ಬರೀಬೇಕು. ಚಿತ್ರಕತೆ ಅಂದ್ರ ಇದು.

ಅವರದೇ 'ಸೈರಾಟ್' 2016ರಲ್ಲಿ ಬಂತು. ಮರುವರ್ಷ ಕನ್ನಡದಲ್ಲಿ 'ಮನಸು ಮಲ್ಲಿಗೆ', 2018ರಲ್ಲಿ ಹಿಂದಿಯಲ್ಲಿ 'ಧಡಕ್' ಆಯ್ತು. ಹಿಂದಿಗೆ ಹೋಗೋದ್ರಾಗ ಕತೆ ಉಳೀತು, ಜಾತಿ ಮಸುಕಾಯ್ತು. ಅದೇ 2017ರಲ್ಲಿ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಲ್ಲಿ, ದಲಿತ ಯುವಕನನ್ನ ಮದುವೆಯಾಗಿದ್ದ ಗರ್ಭಿಣಿ ಹೆಣ್ಮಗಳನ್ನ ಅವಳ ಮನೆಯವರೇ ಸುಟ್ಟುಹಾಕಿದ್ರು. ಹಂತಾ ಕತೆಯಿಂದ ಜಾತಿ ತೆಗೆದ್ರೆ ಏನು ಉಳೀತದ?

ಇನ್ನು ವ್ಯವಹಾರ. ನಾನು ಗುಮಾಸ್ತ. ಕಡತದಾಗ ಇಲ್ಲದ್ದು ನಡೆದೇ ಇಲ್ಲ ಅನ್ನೋದು ನನಗ ಗೊತ್ತು. ಬಾಯಲ್ಲಿ ಹೇಳಿದ ಕತೆಯ ಎಳೆಗೆ ಕಾನೂನಿನ ರಕ್ಷಣೆ ಇಲ್ಲ, ಬರೆದಿಟ್ಟ ಬರಹಕ್ಕೆ ಐತಿ. ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಕೊಡೋದು ಬರವಣಿಗೆಯಲ್ಲೇ ಆಗ್ಬೇಕು. ಅವಧಿ ನಮೂದಿಸದಿದ್ರೆ 5 ವರ್ಷಕ್ಕೆ ಮಾತ್ರ. ಥೇಟರ್ ಬಿಟ್ಟು ಬೇರೆ ಕಡೆ ಬಳಸಿದಾಗ ಬರೋ ರಾಯಲ್ಟಿಯಲ್ಲಿ ಲೇಖಕರಿಗೆ ಸಮಪಾಲು ಅಂತ 2012ರ ತಿದ್ದುಪಡಿ ಹೇಳ್ತದ. ಆ ಪಾಲು ಬಿಟ್ಟುಕೊಟ್ಟೆ ಅಂತ ಸಹಿ ಹಾಕಿಸ್ಕೊಂಡ್ರೂ ನಡೆಯಲ್ಲ. ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದ್ರೆ ಸ್ಕ್ರಿಪ್ಟ್ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು.

ಬಾಬಾಸಾಹೇಬರು ನಮಗೆ ಓದು ಕೊಟ್ಟರು, ಕಾನೂನು ಕೊಟ್ಟರು. ಎರಡನ್ನೂ ಬಳಸ್ರಿ. ನಿಮ್ಮ ಊರಿನ ಒಂದು ದೃಶ್ಯ ಈ ವಾರ ಬರೀರಿ, ಕೆಳಗೆ ಹೆಸರು, ತಾರೀಖು ಹಾಕ್ರಿ. ಹೆಸರಿಲ್ಲದ ಒಪ್ಪಂದಕ್ಕೆ ಮಾತ್ರ ಸಹಿ ಮಾಡಬ್ಯಾಡ್ರಿ.