ಮಾಳಿಗೆಯ ಭಾರ ಹೊತ್ತ ತೊಲೆ

ಮಲೆನಾಡಿನ ನೆಂಟರು ಚಿತ್ರದುರ್ಗದ ಸೀಮೆಗೆ ಬಂದರೆ ಮೊದಲು ಅಚ್ಚರಿಪಡುವುದು ಇಲ್ಲಿಯ ಹಳೆಯ ಮನೆಗಳಿಗೆ ಇಳಿಜಾರು ಸೂರಿಲ್ಲವೆಂಬುದಕ್ಕೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಸಮತಟ್ಟಾದ ಮಾಳಿಗೆ. ಬೇರೆ ಕಡೆ ಮಾಳಿಗೆಯೆಂದರೆ ಉಪ್ಪರಿಗೆ. ನಮ್ಮಲ್ಲಿ ಅದು ಕಾಳು ಒಣಗಿಸುವ, ಬೇಸಗೆಯ ರಾತ್ರಿ ಮಲಗುವ ಬಯಲು. ಮಳೆ ಕಡಮೆಯಾದ ನಾಡಿಗೆ ಒಪ್ಪುವ ಕಟ್ಟಡವಿದು.

ದುರ್ಗವನ್ನು 1568ರಿಂದ 1779ರವರೆಗೆ ಆಳಿದ ನಾಯಕರ ಕಾಲದ ಮಣ್ಣಿನ ಗೋಡೆಗಳು ಬೆಟ್ಟದ ಮೇಲೆ ಇಂದಿಗೂ ನಿಂತಿವೆ. ಅವುಗಳ ಮೇಲೆ ಹೊದಿಸಿದ್ದ ಸೂರು ಮಾತ್ರ ಇಲ್ಲ. ಕಲ್ಲು ಉಳಿಯಿತು, ಮರ ಅಳಿಯಿತು. ಆದುದರಿಂದಲೇ ಚರಿತ್ರೆ ಬರೆಯುವವರು ಬತೇರಿಗಳನ್ನು ಎಣಿಸುತ್ತಾರೆಯೇ ಹೊರತು ತೊಲೆಗಳನ್ನು ಎಣಿಸುವುದಿಲ್ಲ. ಆ ವಿದ್ಯೆಯನ್ನು ಕಾಣಬೇಕಾದರೆ ಕೋಟೆಯಿಂದಿಳಿದು, ಮದಕರಿಯ ಹೆಸರನ್ನೇ ಹೊತ್ತಿರುವ ನಮ್ಮ ಮದಕರಿಪುರದಂಥ ಹಳ್ಳಿಯ ಹಳೆಯ ಮನೆಯೊಂದನ್ನು ಹೊಕ್ಕು ತಲೆಯೆತ್ತಿ ನೋಡಬೇಕು.

ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಮರದ ಸೀಳು, ಅದರ ಮೇಲೆ ಸೊಪ್ಪು ಹುಲ್ಲು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಈ ಕರಲು ಮಣ್ಣಿನಲ್ಲಿ ಬೆಳೆ ಬಾರದು. ಆದರೆ ನೆನೆದೊಡನೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ನೀರು ಕೆಳಗಿಳಿಯದು. ಹೊಲಕ್ಕೆ ಶಾಪವಾದದ್ದು ಸೂರಿಗೆ ವರ! ಕಂಬದಿಂದ ಕಂಬಕ್ಕಿರುವ ತೆರಪೇ ಅಂಕಣ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಹಿರಿಯರು ಅಡಿಯ ಲೆಕ್ಕ ಹೇಳುತ್ತಿರಲಿಲ್ಲ, ಇಷ್ಟು ಅಂಕಣವೆನ್ನುತ್ತಿದ್ದರು. ಅಂದರೆ ಮನೆಯ ಅಳತೆಗೋಲು ತೊಲೆಯ ತಾಳಿಕೆಯೇ ಆಗಿತ್ತು.

ಹಿತ್ತಲ ಬೇವನ್ನೋ ಹೊಲದ ಜಾಲಿಯನ್ನೋ ಕಡಿದು ಬಾಚಿಯಿಂದ ಕೆತ್ತಿದ ಈ ತೊಲೆಗಳಿಗೂ ಒಂದು ಶಾಸ್ತ್ರವುಂಟು. ಆರಂಗುಲ, ನಾಲ್ಕಂಗುಲದ ತೊಲೆಯನ್ನು ಮಲಗಿಸಿ ಇಡುವುದಕ್ಕಿಂತ ನಿಲ್ಲಿಸಿ ಇಟ್ಟರೆ ಅದು ಒಂದೂವರೆ ಪಟ್ಟು ಭಾರ ತಡೆಯುತ್ತದೆ. ಬಾಗುವುದಂತೂ ಅರ್ಧಕ್ಕಿಂತ ಕಡಮೆ. ಅಗಲ ಕೊಡುವ ಬಲಕ್ಕಿಂತ ಎತ್ತರ ಕೊಡುವ ಬಲ ಹೆಚ್ಚೆಂಬುದನ್ನು ಇಟಲಿಯ ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ರೇಖಾಗಣಿತದಿಂದ ಸಾಧಿಸಿದನು. ಮರ ಮುರಿಯುವ ಬಗೆಯನ್ನು ವಿವರಿಸುವಾಗ ಅವನೂ ಒಂದೆಡೆ ಎಡವಿದನೆನ್ನಿ. ಅದನ್ನು ತಿದ್ದಲು ಮುಂದಿನ ಶತಮಾನವೇ ಬೇಕಾಯಿತು. ನಮ್ಮ ಬಡಗಿಗೆ ಗಣಿತವಿರಲಿಲ್ಲ, ಕಣ್ಣಿತ್ತು. ತುಸು ಡೊಂಕಾದ ಮರವಾದರೆ ಉಬ್ಬನ್ನು ಮೇಲುಮಾಡಿ ಇಡುತ್ತಿದ್ದನು. ಬೋದಿಗೆಯನ್ನು ಎರಡೂ ಕಡೆ ಒಂದೊಂದಡಿ ಚಾಚಿದರೆ ಎಂಟಡಿಯ ಅಂಕಣ ತೊಲೆಯ ಪಾಲಿಗೆ ಆರಡಿಯಾಗಿ, ಅದನ್ನು ಬಾಗಿಸುವ ಒತ್ತಡ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಬೋದಿಗೆ ಬರಿಯ ಅಲಂಕಾರವೆಂದು ನಾನೂ ಬಹುಕಾಲ ತಿಳಿದಿದ್ದೆ.

ಇಷ್ಟೆಲ್ಲ ಇದ್ದೂ ಮಳೆಗಾಲದಲ್ಲಿ ಮಾಳಿಗೆಗಳು ಕುಸಿಯುವುದೇಕೆ? ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಸೋರಬಾರದೆಂದು ನಮ್ಮ ತಂದೆ ವರ್ಷವರ್ಷವೂ ಮುಂಗಾರಿಗೆ ಮುಂಚೆ ಕೆಲವು ಬುಟ್ಟಿ ಹೊಸ ಮಣ್ಣು ಹಾಕಿಸುತ್ತಿದ್ದರು. ಹಳೆಯದನ್ನು ಕೆರೆದು ತೆಗೆಸುತ್ತಿರಲಿಲ್ಲ. ಅರ್ಧ ಅಡಿಯಿದ್ದ ಮಣ್ಣು ಯಾರ ಗಮನಕ್ಕೂ ಬಾರದೆ ಒಂದಡಿಯಾಯಿತು. ಒಂದು ಘನ ಅಡಿ ಮಣ್ಣು ಸುಮಾರು 50 ಕಿಲೋ. ಎಂಟಡಿಗೆ ಎಂಟಡಿಯ ಅಂಕಣದ ಮೇಲೆ 1,600 ಕಿಲೋ ಇದ್ದದ್ದು 3,200 ಕಿಲೋ ಆಯಿತು; ಮಳೆ ಕುಡಿದಾಗ ಇನ್ನೂ ಹೆಚ್ಚು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಒಂದು ಜಡಿಮಳೆಯ ರಾತ್ರಿ ಪಡಸಾಲೆಯ ತೊಲೆ ಲಟಲಟನೆ ಸದ್ದುಮಾಡಿತು. ತಾಯಿ ನಮ್ಮನ್ನೆಲ್ಲ ಎಬ್ಬಿಸಿ ದನದ ಕೊಟ್ಟಿಗೆಗೆ ಅಟ್ಟಿದರು. ತಂದೆ ಒನಕೆ, ನೊಗ, ಕೈಗೆ ಸಿಕ್ಕಿದ್ದನ್ನೆಲ್ಲ ಊರೆಕೊಟ್ಟು ಬೆಳಗಿನವರೆಗೆ ಅದರ ಕೆಳಗೇ ಕುಳಿತಿದ್ದರು.

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಗುರವಾದ ಸೂರು ಮೆಲ್ಲಗೆ ಬಯಲುಸೀಮೆಗೂ ಹಬ್ಬಿತು. ಆಮೇಲೆ ಸಿಮೆಂಟು ಬಂತು. ಆದರೂ ನಮ್ಮ ತಂದೆ ಮಾಳಿಗೆಯನ್ನು ಬಿಡಲಿಲ್ಲ. ಬಡಗಿ ಬಂದು ಒಡೆದ ತೊಲೆಯನ್ನು ಇಳಿಸಿ ಮಗ್ಗುಲು ಹೊರಳಿಸಿದನು. ಹುಳು ಹಿಡಿದಿರಲಿಲ್ಲ, ಸೀಳಿದ್ದು ನಟ್ಟನಡುವೆ, ಕೆಳಮೈಯಲ್ಲಿ. "ಯಜಮಾನ್ರೇ, ಇದು ಮರದ ತಪ್ಪಲ್ಲ, ಬುಟ್ಟಿ ತಪ್ಪು" ಎಂದನು. ಹೊಸ ತೊಲೆ ಏರಿಸುವ ಮುನ್ನ ಆ ಅಂಕಣದ ಮಣ್ಣನ್ನೆಲ್ಲ ಇಳಿಸಿದೆವು. ಎರಡು ದಿನ ಹಿಡಿಯಿತು. ನಾನು ಬುಟ್ಟಿ ಎಣಿಸುತ್ತ ನೂರಾದ ಮೇಲೆ ಲೆಕ್ಕ ತಪ್ಪಿದೆ.