ಆಕರ ನಿರ್ದೇಶನ

ಸಂಶೋಧನ ಪ್ರಬಂಧದಲ್ಲಿ ಬರುವ ಮಾತು, ಅಂಕಿಅಂಶ ಅಥವಾ ಅಭಿಪ್ರಾಯವು ಯಾವ ಗ್ರಂಥದ ಯಾವ ಮುದ್ರಣದಿಂದ, ಯಾವ ಪುಟದಿಂದ ಬಂದಿತೆಂಬುದನ್ನು ಓದುಗರು ಮರಳಿ ಹುಡುಕಿ ಪರೀಕ್ಷಿಸಲು ಅನುವಾಗುವಂತೆ ತಿಳಿಸುವ ಕ್ರಮಕ್ಕೆ ಆಕರ ನಿರ್ದೇಶನವೆಂದು ಹೆಸರು. ಪುಟದ ಕೆಳಗೆ ಕೊಡುವ ಸೂಚನೆಯನ್ನು ಅಡಿಟಿಪ್ಪಣಿಯೆಂದೂ, ಪ್ರಬಂಧದ ಕೊನೆಯಲ್ಲಿ ಅಕಾರಾದಿಯಾಗಿ ಜೋಡಿಸಿದ ಪಟ್ಟಿಯನ್ನು ಗ್ರಂಥಋಣವೆಂದೂ ಕರೆಯುತ್ತಾರೆ. ಪಡೆದದ್ದನ್ನು ಸಾಲವೆಂದೇ ಒಪ್ಪಿಕೊಳ್ಳುವ ಈ ಎರಡನೆಯ ಪದ ಕನ್ನಡ ವಿದ್ವತ್ತಿನ ಸೊಗಸಾದ ಸೃಷ್ಟಿಗಳಲ್ಲಿ ಒಂದು.

ಕನ್ನಡದಲ್ಲಿ ಈ ಪ್ರಜ್ಞೆ ಮುದ್ರಣಕ್ಕಿಂತ ಬಹಳ ಹಳೆಯದು. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆರಂಭದಲ್ಲಿಯೇ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಪ್ರಯೋಗಗಳೇ ತನಗೆ ಲಕ್ಷ್ಯ, ಅಂದರೆ ನಿಯಮಕ್ಕೆ ಆಧಾರವಾದ ಉದಾಹರಣೆ, ಎಂದು ಸಾರಿದ್ದಾನೆ. ಇವರಲ್ಲಿ ಗಜಗ, ಗುಣನಂದಿಯರ ಕೃತಿಗಳು ಇಂದು ಉಳಿದಿಲ್ಲ. ಉಳಿದಿರುವುದು ಉಲ್ಲೇಖ ಮಾತ್ರ. ಆದರೆ ಸೂತ್ರಗಳ ಕೆಳಗೆ ಬರುವ ಪದ್ಯಗಳಿಗೆ ಕೇಶಿರಾಜನು ಸಾಮಾನ್ಯವಾಗಿ ಕವಿಯ ಹೆಸರನ್ನು ಕೊಡುವುದಿಲ್ಲವಾದ್ದರಿಂದ, ಅವುಗಳ ಮೂಲವನ್ನು ಪತ್ತೆಹಚ್ಚುವ ಶ್ರಮ ಆಧುನಿಕ ಸಂಪಾದಕರ ಪಾಲಿಗೆ ಬಂದಿತು.

ಪ್ರತಿ ಅರ್ಥಕ್ಕೂ ಆಧಾರ ತೋರಿಸುವ ಶಿಸ್ತು ಗಟ್ಟಿಯಾದದ್ದು ನಿಘಂಟುಗಳಿಂದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಆಕರ ಕೃತಿಗಳಿಗೆ ಸಂಕ್ಷೇಪಾಕ್ಷರಗಳನ್ನು ಬಳಸಿತು, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅದರ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯವೇ ಪ್ರಕಟಿಸಿತು. ಶಾಸನಗಳ ವಿಷಯ ಇನ್ನೂ ಸೂಕ್ಷ್ಮ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500. 1973ರ ಆವೃತ್ತಿಯಲ್ಲಿ ಅದಕ್ಕೂ ಹೆಚ್ಚು. ಸಂಖ್ಯೆಗಳೂ ಆವೃತ್ತಿಯಿಂದ ಆವೃತ್ತಿಗೆ ಬದಲಾದವು. ಹೀಗಾಗಿ ಆವೃತ್ತಿಯನ್ನು ಹೇಳದೆ ಶಾಸನಸಂಖ್ಯೆಯನ್ನಷ್ಟೇ ಕೊಟ್ಟ ವಿದ್ಯಾರ್ಥಿಯು ಓದುಗರನ್ನು ಬೇರೊಂದೇ ಕಲ್ಲಿನ ಮುಂದೆ ನಿಲ್ಲಿಸಬಹುದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಹಸ್ತಪ್ರತಿಗಳ ಪಾಠಾಂತರಗಳ ವಿಷಯದಲ್ಲಿ ಇದೇ ಎಚ್ಚರವನ್ನು ಕಲಿಸಿತು.

ಲೇಖಕನ ಹೆಸರು ಮತ್ತು ವರ್ಷವನ್ನು ಆವರಣದಲ್ಲಿ ಕೊಡುವ ಪದ್ಧತಿಯ ಮೂಲವನ್ನು ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ 1881ರಲ್ಲಿ ಬರೆದ ಪ್ರಬಂಧದಲ್ಲಿ ಗುರುತಿಸುತ್ತಾರೆ. ಆಮೇಲೆ ಬಂದ ಎಪಿಎ, ಎಂಎಲ್‌ಎ ಮುಂತಾದ ಶೈಲಿಗಳು ಕುಲನಾಮವನ್ನು ಮೊದಲಿಗೆ ಇಡುತ್ತವೆ. ಕನ್ನಡದ ಎಷ್ಟೋ ಹೆಸರುಗಳಿಗೆ ಇದು ಹೊಂದುವುದಿಲ್ಲ. ಡಿ.ಎಲ್. ನರಸಿಂಹಾಚಾರ್ ಎಂಬಲ್ಲಿ ‘ಡಿ’ ಊರನ್ನು ಹೇಳಿದರೆ ಕೊನೆಯದು ವ್ಯಕ್ತಿಯ ಸ್ವಂತ ಹೆಸರು; ಅಲ್ಲಿ ಕುಲನಾಮವೇ ಇಲ್ಲ. ಒಂದು ಗ್ರಂಥಋಣದಲ್ಲಿ ಅವರು ‘ಡ’ಕಾರದಲ್ಲಿಯೂ ಇನ್ನೊಂದರಲ್ಲಿ ‘ನ’ಕಾರದಲ್ಲಿಯೂ ಸಿಗುವುದು ಇದರಿಂದಲೇ. ಎರಡೂ ತಪ್ಪಲ್ಲ, ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸುವುದು ತಪ್ಪು.

ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಡುವ ತಮಿಳರಿಗೂ ಈ ತೊಡಕು ಇದೆ. ಚೆನ್ನೈನ ಸತ್ಯಭಾಮ ಸಂಸ್ಥೆಯಂಥ ತಾಂತ್ರಿಕ ವಿದ್ಯಾಲಯಗಳಿರುವ ಪ್ರದೇಶದಲ್ಲಿ ಇನ್ನೊಂದು ಕ್ರಮವೂ ಪರಿಚಿತ: ಎಂಜಿನಿಯರಿಂಗ್ ವಿಷಯಗಳಲ್ಲಿ ರೂಢಿಯಲ್ಲಿರುವ ಐಟ್ರಿಪಲ್‌ಇ ಶೈಲಿಯು ಚೌಕಾವರಣದ ಅಂಕಿಯಿಂದಲೇ ಆಕರವನ್ನು ಸೂಚಿಸುವುದರಿಂದ, ಹೆಸರಿನ ತೊಡಕು ಕೊನೆಯ ಪಟ್ಟಿಗೆ ಸರಿಯುತ್ತದೆ. ಶೈಲಿ ಯಾವುದೇ ಇರಲಿ, ಕೃತಿಚೌರ್ಯವನ್ನು ತಡೆಯುವ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳು ಕನ್ನಡ ಅಧ್ಯಯನಕ್ಕೂ ಎಂಜಿನಿಯರಿಂಗ್‌ಗೂ ಸಮಾನವಾಗಿ ಅನ್ವಯಿಸುತ್ತವೆ. ಅವುಗಳ ಪ್ರಕಾರ ಬೇರೆ ಬರಹಗಳೊಂದಿಗೆ ಪ್ರಬಂಧದ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರವನ್ನು ಸರಿಯಾಗಿ ಹೆಸರಿಸಿದ ಉದ್ಧರಣೆಗಳೂ ಗ್ರಂಥಋಣವೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ಹೋಲಿಕೆಯನ್ನು ಅಳೆಯುವ ತಂತ್ರಾಂಶವು ಕೊಟ್ಟ ಆಕರ ನಿಜವೋ ಅಲ್ಲವೋ ಎಂಬುದನ್ನು ನೋಡಲಾರದು. ಆ ಹೊಣೆ ಬರೆಯುವವರದೇ. ಆದುದರಿಂದ ವಿದ್ಯಾರ್ಥಿಗಳು ಮೂಲವನ್ನು ಕಣ್ಣಾರೆ ಕಂಡೇ ಉಲ್ಲೇಖಿಸಬೇಕು. ಕಾಣಲು ಸಾಧ್ಯವಾಗದಿದ್ದಲ್ಲಿ, ಗಜಗನನ್ನು ಹೆಸರಿಸುವವರು ಕೇಶಿರಾಜನನ್ನೂ ಹೆಸರಿಸಬೇಕಾದಂತೆ, ಯಾರ ಮೂಲಕ ತಿಳಿಯಿತೋ ಅವರನ್ನು ತಪ್ಪದೆ ನಮೂದಿಸಬೇಕು.